ಕಲ್ಲಿಗಿಂತ ಮೊದಲು ಹೆಸರು: ನಮ್ಮ ತಾಲೂಕಿನ ಸೈನಿಕ ಸ್ಮಾರಕ ಕಟ್ಟಿದ ಅನುಭವ

ಹಾವೇರಿ ಜಿಲ್ಲೆಯ ನಮ್ಮ ತಾಲೂಕಿನಲ್ಲಿ ಮಾಜಿ ಸೈನಿಕರೆಲ್ಲ ಸೇರಿ ಒಂದು ಸ್ಮಾರಕ ಕಟ್ಟಿದ್ದೇವೆ. ಪುರಸಭೆ ಉದ್ಯಾನದ ಒಂದು ಮೂಲೆಯಲ್ಲಿ ಅದು ನಿಂತಿದೆ. ಅದರ ಫೋಟೊ ನೋಡಿದವರು ಬೇರೆ ತಾಲೂಕುಗಳಿಂದ ಫೋನ್ ಮಾಡುತ್ತಾರೆ. ಮೊದಲು ಕೇಳುವುದು ಎರಡೇ ಪ್ರಶ್ನೆ. ಎಷ್ಟು ಖರ್ಚಾಯಿತು? ಟ್ಯಾಂಕ್ ಎಲ್ಲಿ ಸಿಗುತ್ತದೆ? ನಾನು ತಿರುಗಿ ಒಂದು ಪ್ರಶ್ನೆ ಕೇಳುತ್ತೇನೆ: ‘ನಿಮ್ಮ ತಾಲೂಕಿನ ಹೆಸರುಗಳ ಪಟ್ಟಿ ತಯಾರಿದೆಯಾ?’ ಹೆಚ್ಚಿನವರ ಬಳಿ ಇರುವುದಿಲ್ಲ. ಕಾರ್ಗಿಲ್ ಸಮಯದಲ್ಲಿ ತೀರಿಕೊಂಡ ಒಬ್ಬಿಬ್ಬರ ಹೆಸರು ಹೇಳುತ್ತಾರೆ. ಅದಕ್ಕಿಂತ ಹಿಂದಿನದು ಗೊತ್ತಿರುವುದಿಲ್ಲ.

ನಾನು ಮದ್ರಾಸ್ ಸ್ಯಾಪರ್ಸ್‌ನವನು, ಅಂದರೆ ಬೆಂಗಳೂರಿನ ಎಂ.ಇ.ಜಿ. (ಮದ್ರಾಸ್ ಎಂಜಿನಿಯರ್ ಗ್ರೂಪ್) ಅನ್ನುವ ಸೇನಾ ಎಂಜಿನಿಯರ್ ದಳದವನು. ಹವಾಲ್ದಾರ್ ಆಗಿ ನಿವೃತ್ತನಾದೆ. ಸೇತುವೆ, ರಸ್ತೆ, ಬಂಕರ್ ಕಟ್ಟುವುದೇ ನಮ್ಮ ಕೆಲಸವಾಗಿತ್ತು. ಹಾಗಾಗಿ ಪಾಯ ತೆಗೆಯುವುದು, ಕಾಂಕ್ರೀಟ್ ಹಾಕುವುದು ನನಗೆ ಕಷ್ಟ ಅನ್ನಿಸಲಿಲ್ಲ. ಕಷ್ಟ ಆದದ್ದು ಹೆಸರು ಹುಡುಕುವುದು. ಈ ಬರಹದಲ್ಲಿ ಅದಕ್ಕೇ ಜಾಸ್ತಿ ಜಾಗ ಕೊಡುತ್ತೇನೆ. ಸ್ಮಾರಕ ಮಾಡಬೇಕು ಅಂತ ಹೊರಟವರಿಗೆ ಉಪಯೋಗಕ್ಕೆ ಬರುವುದು ಅದೇ.

ನಾವು ಮಾಜಿ ಸೈನಿಕರು ಒಟ್ಟಿಗೆ ಸಿಗುವ ಜಾಗ ಕಡಿಮೆ. ಕ್ಯಾಂಟೀನ್‌ನಲ್ಲಿ ಸಾಮಾನು ತರುವಾಗ, ಮಾಜಿ ಸೈನಿಕರ ಆರೋಗ್ಯ ಯೋಜನೆಯ (ಇ.ಸಿ.ಎಚ್.ಎಸ್.) ಪಾಲಿಕ್ಲಿನಿಕ್‌ನಲ್ಲಿ ಔಷಧಿಗೆ ಕೂತಾಗ, ನವೆಂಬರ್‌ನಲ್ಲಿ ಪಿಂಚಣಿಗೆ ಲೈಫ್ ಸರ್ಟಿಫಿಕೇಟ್ ಕೊಡುವಾಗ ಸಿಗುತ್ತೇವೆ. ಅಲ್ಲೆಲ್ಲ ಇದೇ ಮಾತು ಆಗುತ್ತಿತ್ತು. ನಮ್ಮ ಭಾಗದಲ್ಲಿ ಮರಾಠಾ ಲೈಟ್ ಇನ್‌ಫೆಂಟ್ರಿಗೆ ಸೇರಿದವರು ಜಾಸ್ತಿ. ಅದರ ಕೇಂದ್ರ ಇರುವ ಬೆಳಗಾವಿ ಹತ್ತಿರ ಅಲ್ವಾ! ಮದ್ರಾಸ್ ರೆಜಿಮೆಂಟಿನವರಿದ್ದಾರೆ, ಆರ್ಟಿಲರಿ (ಫಿರಂಗಿ ದಳ), ಸಿಗ್ನಲ್ಸ್ (ಸಂಪರ್ಕ ದಳ), ಇ.ಎಂ.ಇ. (ಯಂತ್ರ, ವಾಹನ ದುರಸ್ತಿ ದಳ) ಸೇರಿದವರಿದ್ದಾರೆ. ಏರ್‌ಫೋರ್ಸ್, ನೇವಿಯವರೂ ಇದ್ದಾರೆ. 2016ರ ಫೆಬ್ರವರಿಯಲ್ಲಿ ಸಿಯಾಚಿನ್‌ನಲ್ಲಿ ಹಿಮ ಕುಸಿದು, ಆರು ದಿನ ಅದರಡಿ ಇದ್ದು, ಆಮೇಲೆ ದೆಹಲಿಯ ಆಸ್ಪತ್ರೆಯಲ್ಲಿ ಪ್ರಾಣ ಬಿಟ್ಟ ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ನಮ್ಮ ಪಕ್ಕದ ಧಾರವಾಡ ಜಿಲ್ಲೆಯ ಬೆಟದೂರಿನವರು. ಅವರ ಅಂತ್ಯಕ್ರಿಯೆಗೆ ಜನಸಾಗರವೇ ಸೇರಿತ್ತು. ಅದನ್ನು ನೋಡಿದಾಗ ನಮ್ಮ ಸುಬೇದಾರ್ ಸಾಹೇಬರು ಒಬ್ಬರು ಹೇಳಿದರು: ‘62ರಾಗ ಸತ್ತವರ ಹೆಣಾನೂ ಊರಿಗೆ ಬರಲಿಲ್ಲ. ಅವರ ಹೆಸರು ಯಾರಿಗೆ ಗೊತ್ತೈತಿ?’ ಆ ಮಾತು ನಮ್ಮನ್ನು ಬಿಡಲಿಲ್ಲ. 1962ರ ಚೀನಾ ಯುದ್ಧದಲ್ಲಿ, 1965ರ ಪಾಕಿಸ್ತಾನ ಯುದ್ಧದಲ್ಲಿ ಪಾರ್ಥಿವ ಶರೀರವನ್ನು ಊರಿಗೆ ಕಳಿಸುವ ರೂಢಿ ಇರಲಿಲ್ಲ. ಮನೆಗೆ ಬರುತ್ತಿದ್ದುದು ಒಂದು ತಂತಿ ಸಂದೇಶ. ಕಾರ್ಗಿಲ್ ಯುದ್ಧದ ಹೊತ್ತಿನಿಂದಲೇ ಶವಪೆಟ್ಟಿಗೆ ಊರೂರಿಗೆ ಬಂದು, ಜನ ಕಣ್ಣಾರೆ ನೋಡಿದ್ದು. ಅದಕ್ಕೇ ಜನರ ನೆನಪು 1999ರಿಂದ ಶುರುವಾಗುತ್ತದೆ.

ಹೀಗೆ ಕೆಲಸ ಆರಂಭವಾಯಿತು. ಮೊದಲು ಜಿಲ್ಲೆಯ ಸೈನಿಕ ಕಲ್ಯಾಣ ಇಲಾಖೆಯ ಕಚೇರಿಗೆ ಹೋದೆವು. ಅಲ್ಲಿ ವೀರನಾರಿಯರ (ಮಡಿದ ಸೈನಿಕರ ಪತ್ನಿಯರ), ಪಿಂಚಣಿ ಪಡೆಯುವ ಅವಲಂಬಿತರ ದಾಖಲೆ ಇರುತ್ತದೆ. ಆದರೆ ಹೆಂಡತಿ ತೀರಿಕೊಂಡಿದ್ದರೆ, ಮಕ್ಕಳಿಲ್ಲದಿದ್ದರೆ, ಮದುವೆಗೆ ಮುಂಚೆಯೇ ಹುಡುಗ ಸತ್ತು ತಂದೆ ತಾಯಿಯೂ ಹೋಗಿದ್ದರೆ ಆ ಹೆಸರು ಅಲ್ಲಿ ಸಿಗುವುದು ಕಷ್ಟ. ಎರಡನೆಯದು ದೆಹಲಿಯ ರಾಷ್ಟ್ರೀಯ ಯುದ್ಧ ಸ್ಮಾರಕ. 2019ರ ಫೆಬ್ರವರಿ 25ರಂದು ಉದ್ಘಾಟನೆಯಾದ ಆ ಸ್ಮಾರಕದಲ್ಲಿ ಸ್ವಾತಂತ್ರ್ಯದ ನಂತರ ಪ್ರಾಣ ಕೊಟ್ಟ 25 ಸಾವಿರಕ್ಕೂ ಹೆಚ್ಚು ಸೈನಿಕರ ಹೆಸರುಗಳಿವೆ. ತ್ಯಾಗ ಚಕ್ರ ಅನ್ನುವ ಸುತ್ತಿನ ಗೋಡೆಗಳಲ್ಲಿ ಗ್ರಾನೈಟ್ ಹಲಗೆಗಳ ಮೇಲೆ ಕೆತ್ತಿದ್ದಾರೆ. ಅಂತರ್ಜಾಲದಲ್ಲೂ ಹೆಸರು ಹುಡುಕಬಹುದು. ಅಲ್ಲಿ ಸಿಕ್ಕ ಹೆಸರು ನಮ್ಮ ಊರಿನವರದ್ದೇ ಅಂತ ಖಾತ್ರಿಯಾಗಬೇಕಾದರೆ ಸೇನಾ ಸಂಖ್ಯೆ ಬೇಕು. ಒಂದೇ ಹೆಸರಿನವರು ಎಷ್ಟೋ ಜನ ಇರುತ್ತಾರೆ.

ಸೇನಾ ಸಂಖ್ಯೆ ಸಿಕ್ಕಿತು ಅಂದರೆ ಅರ್ಧ ಕೆಲಸ ಮುಗಿದ ಹಾಗೆ. ಅದನ್ನು ಹಿಡಿದು ಆಯಾ ರೆಜಿಮೆಂಟಿನ ರೆಕಾರ್ಡ್ ಆಫೀಸಿಗೆ ಬರೆಯಬಹುದು. ಮರಾಠಾ ಲೈಟ್ ಇನ್‌ಫೆಂಟ್ರಿಯದು ಬೆಳಗಾವಿ, ಎಂ.ಇ.ಜಿ.ಯದು ಬೆಂಗಳೂರು, ಮದ್ರಾಸ್ ರೆಜಿಮೆಂಟಿನದು ತಮಿಳುನಾಡಿನ ವೆಲಿಂಗ್ಟನ್, ಆರ್ಟಿಲರಿಯದು ನಾಸಿಕ್ ರೋಡ್, ಸಿಗ್ನಲ್ಸ್‌ನದು ಜಬಲ್‌ಪುರ, ಇ.ಎಂ.ಇ.ಯದು ಸಿಕಂದರಾಬಾದ್. ಸುಮ್ನೆ ‘ನಮ್ಮೂರಿನ ಬಸಪ್ಪ 65ರಲ್ಲಿ ಸತ್ತ, ವಿವರ ಕೊಡಿ’ ಅಂತ ಬರೆದರೆ ಅವರೇನು ಮಾಡಲು ಸಾಧ್ಯ? ಸಂಖ್ಯೆ, ಹುದ್ದೆ, ಘಟಕ, ತೀರಿಕೊಂಡ ವರ್ಷ ಇಷ್ಟು ಬರೆದರೆ ಉತ್ತರ ಬರುತ್ತದೆ. ತಡವಾಗಬಹುದು, ಆದರೆ ಬರುತ್ತದೆ. ಅರ್ಜಿಯ ಜೊತೆ ಕುಟುಂಬದವರ ಒಪ್ಪಿಗೆ ಪತ್ರ ಇಟ್ಟರೆ ಇನ್ನೂ ಒಳ್ಳೆಯದು.

ಸಂಖ್ಯೆ ಎಲ್ಲಿ ಸಿಗುತ್ತದೆ? ಇದನ್ನು ಎಲ್ಲರಿಗೂ ಹೇಳಲೇಬೇಕು. ಮನೆಯಲ್ಲಿ ಹಳೆಯ ಪದಕ ಇದ್ದರೆ ಅದರ ಅಂಚನ್ನು ನೋಡಿ. ನಮ್ಮ ಸೇನೆಯ ಪದಕಗಳ ಅಂಚಿನ ಮೇಲೆ ಸೈನಿಕನ ಸಂಖ್ಯೆ, ಹುದ್ದೆ, ಹೆಸರು ಒತ್ತಿರುತ್ತಾರೆ. ಬ್ರಿಟಿಷರ ಕಾಲದ ಅನೇಕ ಪದಕಗಳಲ್ಲೂ ಹೀಗೆ ಇದೆ. ಕುಟುಂಬದವರು ಪದಕವನ್ನು ದೇವರ ಜಗುಲಿಯಲ್ಲಿ ಇಟ್ಟು ಕುಂಕುಮ ಹಚ್ಚಿರುತ್ತಾರೆ. ಅಂಚಿನಲ್ಲಿ ಅಕ್ಷರ ಇದೆ ಅಂತಲೇ ಗೊತ್ತಿರುವುದಿಲ್ಲ. ನಾವು ಒಂದು ಭೂತಗನ್ನಡಿ, ಮೆತ್ತನೆ ಬಟ್ಟೆ ಹಿಡಿದುಕೊಂಡು ಹಳ್ಳಿ ಹಳ್ಳಿಗೆ ಹೋದೆವು. ಪದಕ ತಿಕ್ಕಿ ಹೊಳಪು ಮಾಡಬೇಡಿ, ಅಕ್ಷರ ಸವೆಯುತ್ತದೆ. ಓರೆ ಬೆಳಕಿನಲ್ಲಿ ಹಿಡಿದರೆ ಸಾಕು, ಓದಬಹುದು. ಪದಕದಿಂದಲೇ ಯಾವ ಯುದ್ಧ ಅಂತಲೂ ತಿಳಿಯುತ್ತದೆ. ಸಮರ ಸೇವಾ ಸ್ಟಾರ್ ಇದ್ದರೆ 1965. ಪೂರ್ವಿ ಸ್ಟಾರ್ ಇದ್ದರೆ 1971ರ ಬಾಂಗ್ಲಾ ಕಡೆ, ಪಶ್ಚಿಮಿ ಸ್ಟಾರ್ ಇದ್ದರೆ ಪಾಕಿಸ್ತಾನದ ಗಡಿ ಕಡೆ.

ಶ್ರೀಲಂಕಾದಲ್ಲಿ ತೀರಿಕೊಂಡವರ ಮನೆಗೆ ಹೋದಾಗ ನನಗೆ ತುಂಬಾ ಸಂಕಟವಾಯಿತು. 1987ರಿಂದ 1990ರವರೆಗೆ ನಮ್ಮ ಶಾಂತಿಪಾಲನಾ ಪಡೆ ಅಲ್ಲಿತ್ತು. ಸಾವಿರಕ್ಕೂ ಹೆಚ್ಚು ಜನ ಸತ್ತರು. ‘ಅದು ನಮ್ಮ ಯುದ್ಧ ಅಲ್ಲ’ ಅಂತ ದೇಶ ಅದನ್ನು ಮರೆತುಬಿಟ್ಟಿತು. ಆ ಮನೆಯ ಹೆಣ್ಣುಮಗಳು ಹೇಳಿದರು: ‘ಕಾರ್ಗಿಲ್‌ನವರನ್ನ ವರ್ಷಾ ಸ್ಟೇಜ್ ಮ್ಯಾಲೆ ಕರೀತಾರ. ನಮ್ಮನ್ನ ಯಾರೂ ಕರೆದಿಲ್ರಿ.’ ಅವರ ಗಂಡನ ಹೆಸರು ಈಗ ಕಲ್ಲಿನ ಮೇಲಿದೆ, ಪಕ್ಕದಲ್ಲಿ ‘ಶ್ರೀಲಂಕಾ’ ಅಂತಲೂ ಇದೆ.

ಇನ್ನು ಸ್ವಾತಂತ್ರ್ಯಕ್ಕೆ ಮುಂಚಿನವರು. ನಮ್ಮ ಭಾಗ ಆಗ ಮುಂಬಯಿ ಪ್ರಾಂತ್ಯದ ಧಾರವಾಡ ಜಿಲ್ಲೆಯಲ್ಲಿತ್ತು. ಎರಡೂ ಮಹಾಯುದ್ಧಗಳಿಗೆ ಇಲ್ಲಿಂದ ಹೋದವರಿದ್ದಾರೆ. ಅವರನ್ನು ಸೇರಿಸಬೇಕೋ ಬೇಡವೋ ಅಂತ ಚರ್ಚೆ ಆಯಿತು. ‘ಅವರು ಬ್ರಿಟಿಷರಿಗಾಗಿ ಹೋರಾಡಿದರು’ ಅಂತ ಕೆಲವರು ಅಂದರು. ನನ್ನ ಅಭಿಪ್ರಾಯ ಬೇರೆ. ಯಾರ ಧ್ವಜದ ಕೆಳಗೆ ಹೋರಾಡಬೇಕು ಅಂತ ಆ ಹುಡುಗರು ಆರಿಸಿಕೊಳ್ಳಲಿಲ್ಲ. ಬರಗಾಲದಲ್ಲಿ ಮನೆಗೆ ನಾಲ್ಕು ಕಾಸು ಕಳಿಸಲು ಹೋದವರು. ಕೊನೆಗೆ ಸಭೆ ಒಪ್ಪಿತು.

ಅವರ ಹೆಸರಿಗೆ, ಮಹಾಯುದ್ಧಗಳಲ್ಲಿ ಸತ್ತವರ ಸಮಾಧಿ, ಸ್ಮಾರಕ ನೋಡಿಕೊಳ್ಳುವ ಸಂಸ್ಥೆಯಾದ ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್‌ನ ದಾಖಲೆ ಇದೆ. ಯಾರು ಬೇಕಾದರೂ ಅಂತರ್ಜಾಲದಲ್ಲಿ ಉಚಿತವಾಗಿ ನೋಡಬಹುದು. ಮೊದಲ ಯುದ್ಧಕ್ಕೆ 1914ರ ಆಗಸ್ಟ್‌ನಿಂದ 1921ರ ಆಗಸ್ಟ್‌ವರೆಗೆ, ಎರಡನೆಯದಕ್ಕೆ 1939ರ ಸೆಪ್ಟೆಂಬರ್‌ನಿಂದ 1947ರ ಡಿಸೆಂಬರ್‌ವರೆಗೆ ಸತ್ತವರ ವಿವರ ಅದರಲ್ಲಿದೆ. ಎರಡನೇ ಯುದ್ಧದ ಕೆಲವರ ದಾಖಲೆಯಲ್ಲಿ ತಂದೆಯ ಹೆಸರು, ಊರು, ಜಿಲ್ಲೆ ಕೂಡ ಇರುತ್ತದೆ. ಹುಡುಕುವಾಗ ಹಳೆಯ ಇಂಗ್ಲಿಷ್ ಕಾಗುಣಿತ ಹಾಕಬೇಕು. ಈಗಿನ ಕಾಗುಣಿತ ಹಾಕಿದರೆ ಏನೂ ಬರುವುದಿಲ್ಲ. ಊರಿನ ಹೆಸರನ್ನು ಅವರು ಹೇಗೆ ಕೇಳಿಸಿಕೊಂಡರೋ ಹಾಗೆ ಬರೆದಿದ್ದಾರೆ. ನಮ್ಮೂರಿನ ನಿವೃತ್ತ ಮೇಷ್ಟ್ರೊಬ್ಬರು ಗಟ್ಟಿಯಾಗಿ ಓದಿ ಓದಿ ‘ಇದು ಇಂಥ ಹಳ್ಳಿ ಇರಬೇಕು’ ಅಂತ ಹೇಳುತ್ತಿದ್ದರು. ಆಮೇಲೆ ಆ ಹಳ್ಳಿಗೆ ಹೋಗಿ ಮನೆತನ ಪತ್ತೆ ಹಚ್ಚುತ್ತಿದ್ದೆವು.

ಇರಾಕ್‌ನ ಬಸ್ರಾದಲ್ಲಿ ಮೊದಲ ಮಹಾಯುದ್ಧದ ಒಂದು ದೊಡ್ಡ ಸ್ಮಾರಕ ಇದೆ. ಮೆಸೊಪೊಟೇಮಿಯಾದಲ್ಲಿ ಸತ್ತು, ಸಮಾಧಿ ಗೊತ್ತಿಲ್ಲದ 40 ಸಾವಿರಕ್ಕೂ ಹೆಚ್ಚು ಸೈನಿಕರಿಗೆ ಕಟ್ಟಿದ್ದು. ಅದರಲ್ಲಿ ಬ್ರಿಟಿಷ್ ಸೈನಿಕರ ಹೆಸರು ಒಬ್ಬೊಬ್ಬರದೂ ಇದೆ. ಭಾರತದವರ ವಿಷಯ ಬಂದಾಗ ಅಧಿಕಾರಿಗಳ ಹೆಸರು ಮಾತ್ರ ಇದೆ, ಸಿಪಾಯಿಗಳದ್ದು ಬರೀ ಸಂಖ್ಯೆ. ಈ ರೆಜಿಮೆಂಟಿನ ಇಂತಿಷ್ಟು ಜನ ಅಂತ. ಮರಾಠಾ ಪಲ್ಟಣಗಳು ಅಲ್ಲಿ ತುಂಬಾ ಜನರನ್ನು ಕಳೆದುಕೊಂಡವು. 2021ರಲ್ಲಿ ಆ ವಾರ್ ಗ್ರೇವ್ಸ್ ಕಮಿಷನ್ ತನ್ನದೇ ತನಿಖೆ ಮಾಡಿ, ಭಾರತ ಮತ್ತು ಆಫ್ರಿಕಾದ ಸೈನಿಕರನ್ನು ಸಮಾನವಾಗಿ ಸ್ಮರಿಸಲಿಲ್ಲ ಅಂತ ಒಪ್ಪಿಕೊಂಡು ಕ್ಷಮೆ ಕೇಳಿತು. ಇದನ್ನು ಸಭೆಯಲ್ಲಿ ಹೇಳಿದ ದಿನ ಯಾರೂ ಮಾತಾಡಲಿಲ್ಲ. ಅವತ್ತಿನಿಂದ ನಮ್ಮಲ್ಲಿ ಒಂದು ನಿಯಮ ಆಯಿತು: ‘ಇತರರು’ ಅನ್ನುವ ಪದ ನಮ್ಮ ಕಲ್ಲಿನ ಮೇಲೆ ಬರಕೂಡದು.

ಯಾರ ಹೆಸರು ಬರಬೇಕು ಅನ್ನುವುದು ಎಲ್ಲಕ್ಕಿಂತ ಬಿಸಿಯಾದ ಚರ್ಚೆ. ಸೇನೆಯಲ್ಲಿ ಸಾವನ್ನು ಎರಡಾಗಿ ಬರೆಯುತ್ತಾರೆ. ಶತ್ರುವಿನ ವಿರುದ್ಧದ ಕಾರ್ಯಾಚರಣೆಯಲ್ಲಿ ಆದದ್ದು ಬ್ಯಾಟಲ್ ಕ್ಯಾಶುಯಲ್ಟಿ. ಕಾಯಿಲೆ, ಅಪಘಾತದಂಥದ್ದು ಫಿಸಿಕಲ್ ಕ್ಯಾಶುಯಲ್ಟಿ. ಪಿಂಚಣಿ, ಪರಿಹಾರ ಎಲ್ಲ ಇದರ ಮೇಲೆ ನಿಂತಿದೆ. ಇಲಾಖೆಗೆ ಅದು ಬೇಕು, ತಪ್ಪೇನಿಲ್ಲ. ಅದಕ್ಕೇ ಮೊದಲಿಗೆ ಎರಡು ಕಲ್ಲು ಮಾಡೋಣ ಅಂತ ಮಾತಾಗಿತ್ತು. ಆಗ ಒಬ್ಬ ತಾಯಿ ಸಭೆಗೆ ಬಂದರು. ಅವರ ಮಗ ಓಡಿಸುತ್ತಿದ್ದ ಲಾರಿ ಪರ್ವತದ ರಸ್ತೆಯಲ್ಲಿ ಕಮರಿಗೆ ಬಿದ್ದಿತ್ತು. ಅವರು ಕೇಳಿದರು: ‘ನನ್ನ ಮಗ ಗುಂಡು ತಿಂದು ಸಾಯಲಿಲ್ಲ ಅಂತ ಬ್ಯಾರೆ ಕಲ್ಲಿಗೆ ಹಾಕ್ತೀರೇನ್ರಪ್ಪಾ?’ ಆ ಲಾರಿಯಲ್ಲಿ ಹೋಗುತ್ತಿದ್ದುದು ಮುಂದಿನ ಚೌಕಿಯವರ ಸೀಮೆಎಣ್ಣೆ, ಅಕ್ಕಿ. ಎತ್ತರದ ಜಾಗದಲ್ಲಿ ಇದ್ದವರಿಗೆ ಗೊತ್ತು, ಆ ಲಾರಿ ಬರದಿದ್ದರೆ ಗುಂಡಿಲ್ಲದೆಯೂ ಸಾಯುತ್ತೇವೆ. ಶ್ವಾಸಕೋಶಕ್ಕೆ ನೀರು ತುಂಬಿ ಸತ್ತವರು, ಹಿಮದಲ್ಲಿ ಸಿಕ್ಕಿಕೊಂಡವರು, ಮೈನ್ ತೆಗೆಯುವಾಗ ಹೋದವರು, ಎಲ್ಲರೂ ನಮ್ಮವರೇ. ಹಾಗಾಗಿ ಒಂದೇ ಕಲ್ಲು ಸಾಲು ಅಂತ ತೀರ್ಮಾನಿಸಿದೆವು. ನಿಯಮ ಒಂದೇ: ಸೇವೆಯಲ್ಲಿ ಇರುವಾಗ ತೀರಿಕೊಂಡಿರಬೇಕು. ಹೇಗೆ ಅಂತ ನಾವು ಕೇಳುವುದಿಲ್ಲ. ನಾಲ್ಕು ಜನ ಕೇಳಬಾರದ ಕಾರಣಕ್ಕೆ ಮಗನನ್ನು ಕಳೆದುಕೊಂಡ ಮನೆಗಳೂ ಇವೆ. ಅವರೂ ತಲೆ ಎತ್ತಿಕೊಂಡು ಬಂದು ಹೆಸರು ನೋಡಬೇಕು. ಕಲ್ಲಿನ ಮೇಲ್ಭಾಗದಲ್ಲಿ ‘ದೇಶಸೇವೆಯಲ್ಲಿ ಇದ್ದಾಗ ಪ್ರಾಣ ಬಿಟ್ಟ ನಮ್ಮ ತಾಲೂಕಿನವರು’ ಅಂತಷ್ಟೇ ಬರೆಸಿದೆವು.

ಬಿ.ಎಸ್.ಎಫ್., ಸಿ.ಆರ್.ಪಿ.ಎಫ್. ಅಂಥ, ಸೇನೆಗೆ ಸೇರದ ಕೇಂದ್ರ ಪಡೆಗಳವರ ಪ್ರಶ್ನೆಯೂ ಬಂತು. ದೆಹಲಿಯಲ್ಲಿ ಅವರಿಗೆ ಬೇರೆ ಸ್ಮಾರಕ ಇದೆ. ಚಾಣಕ್ಯಪುರಿಯ ರಾಷ್ಟ್ರೀಯ ಪೊಲೀಸ್ ಸ್ಮಾರಕ, 2018ರ ಅಕ್ಟೋಬರ್ 21ರಂದು ಉದ್ಘಾಟನೆಯಾದದ್ದು. ಆದರೆ ತಾಲೂಕಿನಲ್ಲಿ ಎರಡೆರಡು ಸ್ಮಾರಕ ಯಾರು ಕಟ್ಟುತ್ತಾರೆ? 2019ರ ಫೆಬ್ರವರಿ 14ರಂದು ಪುಲ್ವಾಮಾದಲ್ಲಿ ಸತ್ತ 40 ಜನರೂ ಸಿ.ಆರ್.ಪಿ.ಎಫ್.ನವರು. ಅವರಲ್ಲಿ ಮಂಡ್ಯ ಜಿಲ್ಲೆಯ ಮದ್ದೂರು ತಾಲೂಕಿನ ಹುಡುಗನೂ ಇದ್ದ. ಅವನು ಸೈನಿಕ ಅಲ್ಲ ಅಂತ ಮದ್ದೂರಿನಲ್ಲಿ ನಿಂತು ಹೇಳಲು ಆಗುತ್ತದೆಯೇ? ನಾವು ಅವರನ್ನೂ ಸೇರಿಸಿದೆವು.

ಹೆಸರಿನ ಕ್ರಮ ಹೇಗಿರಬೇಕು? ಹುದ್ದೆಯ ಪ್ರಕಾರ ಅಂತ ಒಂದು ಮಾತು ಬಂತು. ಅದನ್ನು ಬೇಡ ಅಂದವರು ನಮ್ಮಲ್ಲೇ ಹಿರಿಯ ಹುದ್ದೆಯಲ್ಲಿದ್ದ ಆನರರಿ ಕ್ಯಾಪ್ಟನ್ ಸಾಹೇಬರು. ತೀರಿಕೊಂಡ ದಿನಾಂಕದ ಕ್ರಮದಲ್ಲಿ ಹಾಕಿದೆವು. ಅಮೆರಿಕದ ವಾಷಿಂಗ್ಟನ್‌ನಲ್ಲಿ ವಿಯೆಟ್ನಾಂ ಯುದ್ಧದ ಮಾಜಿ ಸೈನಿಕರು ಸೇರಿ ಕಟ್ಟಿಸಿದ ಸ್ಮಾರಕದಲ್ಲೂ ಹೀಗೇ ಇದೆ. 1979ರಲ್ಲಿ ಜಾನ್ ಸ್ಕ್ರಗ್ಸ್ ಅನ್ನುವ ಒಬ್ಬ ಮಾಜಿ ಸಿಪಾಯಿ ಅದನ್ನು ಶುರು ಮಾಡಿದ. ಕಟ್ಟಡಕ್ಕೆ ಸರಕಾರದ ದುಡ್ಡಿಲ್ಲದೆ, ಜನರಿಂದಲೇ 84 ಲಕ್ಷ ಡಾಲರ್ ಕೂಡಿಸಿದರು. 1982ರ ನವೆಂಬರ್ 13ರಂದು ಸ್ಮಾರಕ ತೆರೆಯಿತು. 58 ಸಾವಿರಕ್ಕೂ ಹೆಚ್ಚು ಹೆಸರುಗಳು, ಕಪ್ಪು ಗ್ರಾನೈಟ್ ಮೇಲೆ, ಸತ್ತ ದಿನಾಂಕದ ಕ್ರಮದಲ್ಲಿ. ಒಂದೇ ದಿನ ಒಟ್ಟಿಗೆ ಸತ್ತವರು ಕಲ್ಲಿನ ಮೇಲೂ ಹತ್ತಿರ ಹತ್ತಿರ ಇರುತ್ತಾರೆ. ನಮ್ಮಲ್ಲೂ 1971ರ ಡಿಸೆಂಬರ್‌ನವರು ಒಂದೆಡೆ ಬಂದರು. ಜೊತೆಯಲ್ಲಿ ಇದ್ದು ಬದುಕಿ ಬಂದವರು ಆ ಸಾಲಿನ ಮುಂದೆ ತುಂಬಾ ಹೊತ್ತು ನಿಲ್ಲುತ್ತಾರೆ.

ಇಷ್ಟು ಆದ ಮೇಲೆ ಜಾಗದ ಮಾತು. ಎಲ್ಲರಿಗೂ ಊರಿನ ಮುಖ್ಯ ಸರ್ಕಲ್ ಬೇಕಿತ್ತು. ಅದು ಆಗುವುದಿಲ್ಲ. ಸಾರ್ವಜನಿಕ ರಸ್ತೆ, ಫುಟ್‌ಪಾತ್‌ಗಳಲ್ಲಿ ಪ್ರತಿಮೆ ನಿಲ್ಲಿಸಲು, ಕಟ್ಟಡ ಕಟ್ಟಲು ಅನುಮತಿ ಕೊಡಬೇಡಿ ಅಂತ ಸುಪ್ರೀಂ ಕೋರ್ಟ್ 2013ರ ಜನವರಿ 18ರಂದು ರಾಜ್ಯಗಳಿಗೆ ಆದೇಶ ಕೊಟ್ಟಿದೆ. ಇದು ಗೊತ್ತಿಲ್ಲದೆ ಸರ್ಕಲ್‌ಗೆ ಅರ್ಜಿ ಹಾಕಿ ವರ್ಷಗಟ್ಟಲೆ ಕಾಯುವವರನ್ನು ನೋಡಿದ್ದೇನೆ. ನನ್ನನ್ನು ಕೇಳಿದರೆ ಸರ್ಕಲ್ ಒಳ್ಳೆಯ ಜಾಗವೂ ಅಲ್ಲ. ಅಜ್ಜಿ ಒಬ್ಬಳು ರಸ್ತೆ ದಾಟಿ, ಬಸ್ಸಿನ ಹಾರ್ನ್ ನಡುವೆ ನಿಂತು ಮಗನ ಹೆಸರು ಹೇಗೆ ನೋಡುತ್ತಾಳೆ? ಪುರಸಭೆಯ ಉದ್ಯಾನ ಕೇಳಿದೆವು. ಜಾಗ ಪುರಸಭೆಯದೇ ಉಳಿಯುತ್ತದೆ, ನಿರ್ವಹಣೆ ನಮ್ಮ ಸಂಘದ್ದು ಅಂತ ಬರಹದಲ್ಲಿ ಒಪ್ಪಂದ ಮಾಡಿಕೊಂಡೆವು. ಠರಾವು ಪಾಸಾದ ಮೇಲೆ ಅದರ ದೃಢೀಕೃತ ಪ್ರತಿ ತೆಗೆದುಕೊಂಡು ಇಟ್ಟುಕೊಳ್ಳಿ. ಸದಸ್ಯರು ಬದಲಾಗುತ್ತಾರೆ, ಅಧಿಕಾರಿಗಳು ಬದಲಾಗುತ್ತಾರೆ, ಆ ಕಾಗದ ಮಾತ್ರ ಮಾತಾಡುತ್ತದೆ. ಒಂದು ಕಚೇರಿಯಲ್ಲಿ ನಮ್ಮ ಫೈಲು ಬಹಳ ದಿನ ಮಲಗಿತ್ತು. ಕೊನೆಗೆ ವೀರನಾರಿಯರೇ ಹೋಗಿ ಬೆಂಚಿನ ಮೇಲೆ ಕೂತರು. ಕೆಲಸ ಆಯಿತು.

ದುಡ್ಡಿನ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಸಂಘವನ್ನು ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರ ಅಡಿ ನೋಂದಾಯಿಸಿ, ಪ್ಯಾನ್ ಮಾಡಿಸಿ, ಜಂಟಿ ಸಹಿಯ ಬ್ಯಾಂಕ್ ಖಾತೆ ತೆರೆಯಿರಿ. ಆಮೇಲೆಯೇ ಒಂದು ರೂಪಾಯಿ ಮುಟ್ಟಿ. ನಾವು ಪಿಂಚಣಿದಾರರು ಒಬ್ಬೊಬ್ಬರು ಕೈಲಾದಷ್ಟು ಹಾಕಿದೆವು. ವ್ಯಾಪಾರಸ್ಥರು, ಶಿಕ್ಷಕರು, ರೈತರು ಕೊಟ್ಟರು. ಒಬ್ಬ ರೈತ ಮೆಣಸಿನಕಾಯಿ ಮಾರಿ ಬ್ಯಾಡಗಿಯಿಂದ ಬರುವಾಗ ನೇರವಾಗಿ ನಮ್ಮಲ್ಲಿಗೇ ಬಂದು ಕೊಟ್ಟು ಹೋದ. ದಾನಿಗಳ ಹೆಸರು ಕಲ್ಲಿನ ಮೇಲೆ ಬರುವುದಿಲ್ಲ ಅಂತ ಮೊದಲೇ ಹೇಳಿದ್ದೆವು. ಕೆಲವರು ಹಿಂದೆ ಸರಿದರು. ಸರಿಯಲಿ. ಲೆಕ್ಕವನ್ನು ತಿಂಗಳು ತಿಂಗಳು ಉದ್ಯಾನದ ಬೋರ್ಡಿಗೆ ಅಂಟಿಸಿದೆವು. ಡಿಸೆಂಬರ್ 7ರ ಧ್ವಜ ದಿನಾಚರಣೆಯ ನಿಧಿಯಿಂದ ಕೇಳೋಣ ಅಂತ ಒಬ್ಬರು ಹೇಳಿದರು. ಬೇಡ ಅಂದೆ. 1949ರಿಂದ ಆ ನಿಧಿ ಇರುವುದು ವಿಧವೆಯರಿಗೆ, ಅಂಗವಿಕಲ ಸೈನಿಕರಿಗೆ. ಅದರ ಒಂದು ಪೈಸೆಯೂ ಕಲ್ಲಿಗೆ ಹೋಗಬಾರದು.

ಟ್ಯಾಂಕ್ ಬಗ್ಗೆಯೂ ಹೇಳಿಬಿಡುತ್ತೇನೆ. ಸೇನೆಯಿಂದ ನಿವೃತ್ತವಾದ ಟಿ-55 ಟ್ಯಾಂಕುಗಳನ್ನು ಸ್ಮಾರಕಗಳಿಗೆ ಕೊಡುತ್ತಾರೆ. ಮಡಿಕೇರಿಯ ‘ಸನ್ನಿ ಸೈಡ್’, ಅಂದರೆ ಜನರಲ್ ತಿಮ್ಮಯ್ಯ ಅವರ ಮನೆ, 2021ರಲ್ಲಿ ಮ್ಯೂಸಿಯಂ ಆಯಿತಲ್ಲ, ಅಲ್ಲೂ ಇದೆ. ಆದರೆ ಅದು 36 ಟನ್ ತೂಕದ ಯಂತ್ರ. ಸಾಗಿಸಲು ದೊಡ್ಡ ಟ್ರೇಲರ್, ಇಳಿಸಲು ಕ್ರೇನ್, ಕೂರಿಸಲು ಗಟ್ಟಿ ಕಾಂಕ್ರೀಟ್ ನೆಲ, ಆಮೇಲೆ ತುಕ್ಕು ಹಿಡಿಯದಂತೆ ಬಣ್ಣ. ನಮ್ಮ ಮೂಲೆಯಲ್ಲಿ ಟ್ಯಾಂಕ್ ಬಂದರೆ ಮಕ್ಕಳು ಅದರ ಮೇಲೆ ಹತ್ತಿ ಸೆಲ್ಫಿ ತೆಗೆಯುತ್ತಾರೆ, ಹೆಸರಿನ ಕಡೆ ತಿರುಗಿಯೂ ನೋಡುವುದಿಲ್ಲ. ಬೇಡ ಅಂತ ಬಿಟ್ಟೆವು.

ವಿನ್ಯಾಸಕ್ಕೆ ನಾವು ದೂರ ಹೋಗಲಿಲ್ಲ. ನಮ್ಮ ಹಾನಗಲ್ಲು, ಹಾವೇರಿ ಕಡೆ ಹೊಲದ ಬದುವಿನಲ್ಲಿ, ಗುಡಿಯ ಹಿತ್ತಲಲ್ಲಿ ವೀರಗಲ್ಲುಗಳು ಬೇಕಾದಷ್ಟಿವೆ. ಕೆಳಗಿನ ಪಟ್ಟಿಯಲ್ಲಿ ಕಾಳಗ. ನಡುವಿನ ಪಟ್ಟಿಯಲ್ಲಿ ಸತ್ತ ವೀರನನ್ನು ಅಪ್ಸರೆಯರು ಕರೆದೊಯ್ಯುವುದು. ಮೇಲೆ ಅವನು ಲಿಂಗದ ಮುಂದೆ ಕೂತಿರುವುದು. ತುದಿಯಲ್ಲಿ ಸೂರ್ಯ ಚಂದ್ರ. ರಾಜರಿಗಷ್ಟೇ ಅಲ್ಲ, ತುರು ಕಾಯುವಾಗ ಸತ್ತ ಹಳ್ಳಿಯವನಿಗೂ ಕಲ್ಲು ನೆಟ್ಟಿದ್ದಾರೆ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಕ್ರಿ.ಶ. 950ರ ಹೊತ್ತಿಗೆ ಹಂದಿಯ ಜೊತೆ ಹೋರಾಡಿ ಸತ್ತ ‘ಕಾಳಿ’ ಅನ್ನುವ ಬೇಟೆನಾಯಿಗೂ ಕಲ್ಲು ನಿಲ್ಲಿಸಿ ಹೆಸರು ಬರೆದರು. ಅಂಥ ನಾಡಿನಲ್ಲಿ 1962ರ ಹುಡುಗನ ಹೆಸರು ಎಲ್ಲೂ ಇಲ್ಲ ಅಂದರೆ ಹೇಗೆ? ನಡುವೆ ಒಂದು ನಿಲುವುಗಲ್ಲು, ಅದರ ಎರಡೂ ಕಡೆ ಹೆಸರಿನ ಕಲ್ಲುಗಳು ಅಂತ ಮಾಡಿದೆವು. ನಮ್ಮ ಪಟ್ಟಿಯಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತರು ಇದ್ದಾರೆ. ಅದಕ್ಕೆ ಮೇಲಿನ ಪಟ್ಟಿಯಲ್ಲಿ ದೇವರ ಚಿತ್ರ ಬೇಡ ಅಂತ ಎಲ್ಲರೂ ಒಪ್ಪಿದರು. ಸೂರ್ಯ ಚಂದ್ರ ಉಳಿಸಿಕೊಂಡೆವು. ಕೆಳಗೆ ತಲೆಕೆಳಗಾಗಿ ನೆಟ್ಟ ರೈಫಲ್, ಅದರ ಮೇಲೆ ಹೆಲ್ಮೆಟ್. ಶಿಲ್ಪಿ ಮೊದಲು ಸಿನಿಮಾದಲ್ಲಿ ನೋಡಿದ ಬಂದೂಕಿನ ಹಾಗೆ ಬರೆದುಕೊಂಡು ಬಂದಿದ್ದ. ನಮ್ಮವರು ಬಿಡುತ್ತಾರೆಯೇ? 71ರಲ್ಲಿ ಹೊತ್ತ 7.62 ಎಸ್.ಎಲ್.ಆರ್. ರೈಫಲ್‌ನ ಚಿತ್ರ ಮುಂದೆ ಇಟ್ಟು, ಮ್ಯಾಗಜೀನ್ ಎಲ್ಲಿ, ಕ್ಯಾರಿಯಿಂಗ್ ಹ್ಯಾಂಡಲ್ ಎಲ್ಲಿ ಅಂತ ಬೆರಳಿಟ್ಟು ತೋರಿಸಿದರು. ಇಂಡಿಯಾ ಗೇಟ್ ಕೆಳಗೆ 1972ರಲ್ಲಿ ಅಮರ್ ಜವಾನ್‌ಗೆ ನಿಲ್ಲಿಸಿದ್ದೂ ಅದೇ ರೈಫಲ್.

ನಿಲುವುಗಲ್ಲಿಗೆ ಇಳಕಲ್ಲಿನ ಕೆಂಪು ಗ್ರಾನೈಟ್, ಹೆಸರುಗಳಿಗೆ ಪಾಲಿಶ್ ಮಾಡಿದ ಕಪ್ಪು ಗ್ರಾನೈಟ್. ಕಪ್ಪು ಕಲ್ಲಿನಲ್ಲಿ ಅಕ್ಷರ ಚೆನ್ನಾಗಿ ಎದ್ದು ಕಾಣುತ್ತದೆ. ಲೇಸರ್‌ನಲ್ಲಿ ಬರೆದರೆ ಬೇಗ ಆಗುತ್ತದೆ, ಆದರೆ ಆಳ ಇರುವುದಿಲ್ಲ. ಬೆರಳಾಡಿಸಿದರೆ ಅಕ್ಷರ ತಿಳಿಯಬೇಕು ಅನ್ನುವುದು ನಮ್ಮ ಹಟ. ಹಾಗಾಗಿ ಮರಳು ಊದಿ ಕೊರೆಯುವ ವಿಧಾನ ಆರಿಸಿದೆವು. ಕನ್ನಡಕ್ಕೆ ಇಲ್ಲಿ ವಿಶೇಷ ಗಮನ ಬೇಕು. ಒತ್ತಕ್ಷರ ಕೆಳಗಿನ ಸಾಲಿಗೆ ತಾಗದಂತೆ ಸಾಲುಗಳ ನಡುವೆ ಜಾಸ್ತಿ ಜಾಗ ಬಿಡಬೇಕು. ‘ಠ’, ‘ಥ’, ‘ಧ’ ಅಂಥ ಅಕ್ಷರಗಳ ಒಳಗಿನ ಸಣ್ಣ ಭಾಗ ಸ್ಟೆನ್ಸಿಲ್‌ನಿಂದ ಕಿತ್ತು ಬಂದರೆ ಅಕ್ಷರವೇ ಬದಲಾಗುತ್ತದೆ. ಇನ್ನೊಂದು, ‘ನುಡಿ’ ತಂತ್ರಾಂಶದಲ್ಲಿ ಟೈಪ್ ಮಾಡಿದ್ದನ್ನು ಹಾಗೇ ಕಳಿಸಬೇಡಿ. ಅಲ್ಲಿ ಆ ಫಾಂಟ್ ಇಲ್ಲದಿದ್ದರೆ ಬರೀ ಚಿಹ್ನೆಗಳು ಕಾಣುತ್ತವೆ. ಅಕ್ಷರಗಳನ್ನು ರೇಖೆಗಳಾಗಿ ಬದಲಾಯಿಸಿ, ಪಿ.ಡಿ.ಎಫ್. ಮಾಡಿ ಕೊಡಿ.

ಕೊರೆಯುವ ಮುಂಚೆ ನಾವು ಮಾಡಿದ ಒಂದು ಕೆಲಸವನ್ನು ಎಲ್ಲರೂ ಮಾಡಬೇಕು. ಕಲ್ಲಿನ ಅಳತೆಯಲ್ಲೇ ಪಟ್ಟಿಯನ್ನು ಕಾಗದದ ಮೇಲೆ ಮುದ್ರಿಸಿ, ಎಲ್ಲ ಗ್ರಾಮ ಪಂಚಾಯಿತಿಗಳ ಗೋಡೆಗೆ ಅಂಟಿಸಿದೆವು. ಪಕ್ಕದಲ್ಲಿ ಫೋನ್ ನಂಬರ್. ದಾಖಲೆಯಲ್ಲಿ ಇಂಗ್ಲಿಷ್‌ನಲ್ಲಿ ಇದ್ದ ಹೆಸರನ್ನು ಕನ್ನಡಕ್ಕೆ ತರುವಾಗ ಏನೇನೋ ಆಗುತ್ತದೆ. ಬಸಪ್ಪನೋ ಬಸವಪ್ಪನೋ, ಹನಮಂತನೋ ಹನುಮಂತನೋ, ಮನೆಯವರೇ ಹೇಳಬೇಕು. ತಿದ್ದುಪಡಿಗಳು ಬಂದವು. ಹೊಸ ಹೆಸರುಗಳೂ ಬಂದವು. ಮನೆಯವರು ಸಹಿ ಹಾಕಿದ ಮೇಲೆಯೇ ಹೆಸರು ಕಲ್ಲಿಗೆ ಹೋಯಿತು.

ಕಟ್ಟುವಾಗ ನೆಲ ನೋಡಿ. ನಮ್ಮದು ಎರೆ ಮಣ್ಣು. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರುಕು ಬಿಡುತ್ತದೆ. ಅದರ ಮೇಲೆ ನೇರವಾಗಿ ಪಾಯ ಹಾಕಿದರೆ ಕಲ್ಲು ವಾಲುವುದು ಖಂಡಿತ. ಎರೆ ಪೂರ್ತಿ ತೆಗೆದು ಗಟ್ಟಿ ಗರಸು ಸಿಗುವವರೆಗೆ ಇಳಿದು, ಗರಸು ತುಂಬಿ ದಮ್ಮಸು ಮಾಡಿ, ಮೇಲೆ ಕಬ್ಬಿಣ ಹಾಕಿದ ಕಾಂಕ್ರೀಟ್ ಹಾಸು ಹಾಕಿದೆವು. ಸ್ಯಾಪರ್‌ಗಳೆಲ್ಲ ಭಾನುವಾರ ಬಂದು ಸಲಿಕೆ ಹಿಡಿದರು. ಹೆಸರಿನ ಕಲ್ಲುಗಳನ್ನು ಸ್ಟೇನ್‌ಲೆಸ್ ಸ್ಟೀಲ್ ಪಿನ್ನಿನಿಂದ ಹಿಡಿಸಿ, ನಡುವೆ ಸಣ್ಣ ಸಂದು ಬಿಟ್ಟೆವು, ಬಿಸಿಲಿಗೆ ಹಿಗ್ಗಲು. ಮೇಲಿನ ಸಾಲಿನ ಹೆಸರೂ ಒಬ್ಬ ಕುಳ್ಳ ಅಜ್ಜಿಯ ಕೈಗೆ ಸಿಗುವ ಎತ್ತರದಲ್ಲಿದೆ. ಗಾಲಿಕುರ್ಚಿಗೆ ಇಳಿಜಾರು ಇದೆ. ನಮ್ಮಲ್ಲೇ ಒಬ್ಬರು ಮೈನ್ ಸ್ಫೋಟದಲ್ಲಿ ಕಾಲು ಕಳೆದುಕೊಂಡವರು, ಅವರೇ ಅದರ ಅಳತೆ ಹೇಳಿದ್ದು.

ಧ್ವಜವನ್ನು ಹುಬ್ಬಳ್ಳಿಯ ಬೆಂಗೇರಿಯಿಂದ ತಂದೆವು. ನಮ್ಮ ಪಕ್ಕದಲ್ಲೇ ಬಿ.ಐ.ಎಸ್. ಮಾನ್ಯತೆಯ ಖಾದಿ ಧ್ವಜ ತಯಾರಾಗುವಾಗ ಪಾಲಿಯೆಸ್ಟರ್ ಯಾಕೆ? 2021ರ ಕೊನೆಯಿಂದ ಪಾಲಿಯೆಸ್ಟರ್‌ಗೂ, 2022ರ ಜುಲೈಯಿಂದ ಹಗಲು ರಾತ್ರಿ ಹಾರಿಸಲೂ ನಿಯಮ ಅವಕಾಶ ಕೊಟ್ಟಿದೆ. ಆದರೂ ನಾವು ವಿಶೇಷ ದಿನಗಳಲ್ಲಿ ಬೆಳಿಗ್ಗೆ ಏರಿಸಿ ಸಂಜೆ ಇಳಿಸುತ್ತೇವೆ. ಹರಿದ ಧ್ವಜ ಕಂಬದ ಮೇಲೆ ಇರುವುದನ್ನು ನೋಡಲು ನಮ್ಮಿಂದ ಆಗುವುದಿಲ್ಲ.

ಉದ್ಘಾಟನೆಗೆ ಜನವರಿ 14 ಆರಿಸಿದೆವು. 1953ರಲ್ಲಿ ಅದೇ ದಿನ ನಮ್ಮ ಕೊಡಗಿನ ಜನರಲ್ ಕಾರ್ಯಪ್ಪ ಸೇನೆಯಿಂದ ನಿವೃತ್ತರಾದರು. ಹಾಗಾಗಿ ಅದು ಮಾಜಿ ಸೈನಿಕರ ದಿನ. ಸಂಕ್ರಾಂತಿಗೆ ಊರಿಗೆ ಬಂದ ಮಕ್ಕಳು ಮೊಮ್ಮಕ್ಕಳೂ ಇರುತ್ತಾರೆ. ಮುಂದಿನ ಸಾಲಿನ ಕುರ್ಚಿಗಳು ಕುಟುಂಬದವರಿಗೆ, ಗಣ್ಯರು ಅವರ ಹಿಂದೆ ಅಂತ ಆಮಂತ್ರಣದಲ್ಲೇ ಬರೆದಿದ್ದೆವು. ಬಂದ ಗಣ್ಯರು ಬೇಸರ ಮಾಡಿಕೊಳ್ಳಲಿಲ್ಲ. ಪರದೆ ಸರಿಸಿದ್ದು ಲಾರಿ ಓಡಿಸುತ್ತಿದ್ದ ಹುಡುಗನ ತಾಯಿ. ಬ್ಯೂಗಲ್‌ನಲ್ಲಿ ಮಡಿದವರಿಗೆ ಗೌರವ ಸಲ್ಲಿಸುವ ‘ಲಾಸ್ಟ್ ಪೋಸ್ಟ್’ ನುಡಿಯಿತು, ಎರಡು ನಿಮಿಷ ಮೌನ. ಆಮೇಲೆ ಎನ್.ಸಿ.ಸಿ. ಕೆಡೆಟ್‌ಗಳು ಒಂದೊಂದೇ ಹೆಸರು, ಊರು ಗಟ್ಟಿಯಾಗಿ ಓದಿದರು. ಭಾಷಣ ಇಟ್ಟುಕೊಂಡಿರಲಿಲ್ಲ.

ನಿರ್ವಹಣೆಗೆ ಪಾಳಿ ಹಾಕಿಕೊಂಡಿದ್ದೇವೆ. ಕಲ್ಲಿಗೆ ಆ್ಯಸಿಡ್ ಬೇಡ, ಎಣ್ಣೆ ಬೇಡ, ಕುಂಕುಮವೂ ಬೇಡ. ನೀರು, ಮೆತ್ತನೆ ಬ್ರಷ್ ಸಾಕು. ಹೂವು ಇಡಲು ಕೆಳಗೆ ಬೇರೆ ಕಟ್ಟೆ ಇದೆ. ಅಕ್ಷರದ ಬಣ್ಣ ಮಾಸಿದಾಗ ತುಂಬಬೇಕು, ಅದಕ್ಕೆ ಸ್ವಲ್ಪ ದುಡ್ಡು ಠೇವಣಿ ಇಟ್ಟಿದ್ದೇವೆ. ಕೊನೆಯ ಕಲ್ಲಿನಲ್ಲಿ ಮುಂದಿನವರಿಗೆ ಅಂತ ಖಾಲಿ ಜಾಗ ಬಿಡೋಣ ಅಂತ ಕಲ್ಲಿನವರು ಹೇಳಿದ್ದರು. ಈಗ ಗಡಿಯಲ್ಲಿರುವ ಹುಡುಗರ ಮನೆಯವರು ಅದನ್ನು ನೋಡಿದರೆ ಏನನ್ನಿಸಬಹುದು? ಅದಕ್ಕೇ ಬಿಡಲಿಲ್ಲ. ಹೊಸ ಹೆಸರು ಸಿಕ್ಕರೆ ಪಕ್ಕಕ್ಕೆ ಇನ್ನೊಂದು ಕಲ್ಲು ಸೇರಿಸುವ ಹಾಗೆ ಪಾಯ ಉದ್ದ ಹಾಕಿದ್ದೇವೆ.

ಹುಡುಕಾಟ ಇನ್ನೂ ನಡೆದಿದೆ. ಎರಡನೇ ಮಹಾಯುದ್ಧದ ಕೆಲವು ಹೆಸರುಗಳ ಮುಂದೆ ಬರೀ ‘ಧಾರವಾಡ ಜಿಲ್ಲೆ’ ಅಂತಿದೆ, ಊರಿಲ್ಲ. ಅವರಲ್ಲಿ ಇಟಲಿಯಲ್ಲಿ ತೀರಿಕೊಂಡವರಿದ್ದಾರೆ, ಬರ್ಮಾದಲ್ಲಿ ತೀರಿಕೊಂಡವರಿದ್ದಾರೆ. ಈಗಿನ ಧಾರವಾಡ, ಗದಗ, ಹಾವೇರಿ ಮೂರೂ ಜಿಲ್ಲೆಗಳಲ್ಲಿ ಯಾರ ಮನೆಯ ಟ್ರಂಕಿನಲ್ಲಾದರೂ ಹಳೆಯ ಪದಕವೋ, ತಂತಿಯೋ, ಪಿಂಚಣಿ ಪುಸ್ತಕವೋ ಇದ್ದರೆ ದಯವಿಟ್ಟು ತೆಗೆದು ನೋಡಿ. ಅದರಲ್ಲಿರುವ ಸಂಖ್ಯೆಯನ್ನು ಬರೆದುಕೊಂಡು ನಿಮ್ಮ ತಾಲೂಕಿನ ಮಾಜಿ ಸೈನಿಕರ ಸಂಘಕ್ಕೆ ತಲುಪಿಸಿ. ಮುಂದಿನ ಕೆಲಸ ಅವರು ಮಾಡುತ್ತಾರೆ.